ಮಸಿಕೇತನ ಮೂರನೇ ಆಟ

ಕುದುರೆಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ ಸೋನೆಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಚದುರಂಗದ ಕಾಯಿ ಕಡೆಯುವ ಸಿರಿಯವ್ವ ಎಂಬ ಹೆಂಗಸಿದ್ದಳು. ಆಟದಲ್ಲಿ ಅವಳನ್ನು ಸೋಲಿಸಿದವರು ಆ ಸೀಮೆಯಲ್ಲೇ ಇರಲಿಲ್ಲ. ಗಂಡ ಮಾಳಿಂಗ ಅರಮನೆಯ ಕಾವಲಿನವನು.

ಒಂದು ದಿನ ಮಸಿಕೇತ ಎಂಬ ಮಾಂತ್ರಿಕ ಬಂದು ಅರಮನೆಯ ಅಂಗಳವನ್ನೇ ಚದುರಂಗದ ಹಾಸು ಮಾಡಿದ. ರಾಜ, ಮಂತ್ರಿ, ಆನೆ, ಕುದುರೆ, ಒಂಟೆ, ಎಂಟು ಜನ ಕಾವಲಿನವರು, ಎಲ್ಲರೂ ಬಿಳಿಯ ಕಾಯಿಗಳಾಗಿ ನಿಂತರು. ಎದುರಿಗೆ ಅವನ ಕರಿಯ ಕಾಯಿಗಳು.

"ಮೂರು ಆಟ," ಎಂದು ಸಾರಿದ ಮಸಿಕೇತ. "ಒಂದರಲ್ಲಿ ನನ್ನನ್ನು ಗೆದ್ದರೂ ಮಂತ್ರ ಬಿಡುತ್ತದೆ. ಮೂರೂ ಸೋತರೆ ಇವರೆಲ್ಲ ಎಂದೆಂದಿಗೂ ಕಲ್ಲು."

ಸಿರಿಯವ್ವ ಬಂದು ಬಿಳಿಯ ಕಡೆ ಕೂತಳು. ಏಟು ಬಿದ್ದ ಕಾಯಿ ನೋವಿನಿಂದ ನರಳುತ್ತಿತ್ತು. ಅದನ್ನು ಕೇಳಲಾರದೆ ಮೊದಲ ಆಟದಲ್ಲಿ ಎಲ್ಲರನ್ನೂ ರಾಜನ ಸುತ್ತ ಒತ್ತಿಟ್ಟಳು. ಮಿಸುಕಲು ಜಾಗವಿಲ್ಲದೆ ರಾಜ ಸಿಕ್ಕಿಬಿದ್ದ. ಎರಡನೇ ಆಟದಲ್ಲಿ ಇನ್ನೂ ಹುಷಾರಾಗಿ ಆಡಿದಳು. ಇನ್ನೂ ಬೇಗ ಸೋತಳು.

ಮೂರನೇ ಆಟಕ್ಕೆ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿದಳು. ಮಸಿಕೇತನೂ ಹಾಗೇ ನಡೆಸಿದ. ಅವಳ ಕೈ ಅಲ್ಲಿಗೇ ನಿಂತಿತು. ಪಕ್ಕದ ಕಾಲಾಳು ಮಾಳಿಂಗನೇ.

"ನನ್ನನ್ನು ಮುಂದೆ ಬಿಡು, ಸಿರಿ," ಎಂದ ಅವನು.

"ಬಿಟ್ಟರೆ ಅವನು ನಿಮ್ಮನ್ನ ಹೊಡೀತಾನೆ ಕಣ್ರೀ."

"ಹೊಡೀಲಿ. ನನ್ನ ಹಿಂದೆ ಆನೆಗೆ ದಾರಿ ಆಗುತ್ತೆ. ಮನೇಲಿ ಆಡುವಾಗ ಹೀಗೇ ತಾನೆ ನೀನು ನನ್ನ ಗೆಲ್ಲೋದು?"

ಅವಳು ಕಣ್ಣೊರೆಸಿಕೊಂಡು ಅವನನ್ನು ಎರಡು ಮನೆ ಮುಂದೆ ಬಿಟ್ಟಳು. ಕರಿಯ ಕಾಲಾಳು ಹೊಡೆಯಿತು. ಮಾಳಿಂಗ ತುಟಿ ಕಚ್ಚಿ ಬಿದ್ದ, ನರಳಲಿಲ್ಲ. ಮಸಿಕೇತ ಸಿಕ್ಕಿದ್ದನ್ನೆಲ್ಲ ಹೊಡೆಯುವ ಆಸೆಗೆ ಬಿದ್ದ. ಅಷ್ಟರಲ್ಲಿ ಸಿರಿಯವ್ವನ ಕುದುರೆ ಹಾರಿತು, ಒಂಟೆ ಓರೆಯಾಗಿ ನುಗ್ಗಿತು, ಆನೆ ಅಡ್ಡ ನಿಂತ ಕರಿಯ ಕಾಲಾಳನ್ನು ಕೆಡವಿ ನೆಟ್ಟಗೆ ಹೋಗಿ ಕರಿಯ ರಾಜನೆದುರು ನಿಂತಿತು. ಅವನಿಗೆ ಹೋಗಲು ಒಂದು ಮನೆಯೂ ಉಳಿಯಲಿಲ್ಲ.

"ಕಟ್ಟಿಹಾಕಿದ್ದೀನಿ," ಎಂದಳು.

ಮಸಿಕೇತ ಹೊಗೆಯಾಗಿ ಕರಗಿದ. ಬಿಳಿಯ ಕಾಯಿಗಳೆಲ್ಲ ಮೈ ಮುರಿದು ಎದ್ದವು. ಕರಿಯ ಕಾಯಿಗಳೂ ಎದ್ದವು. ಅವರೂ ಹಿಂದೆ ಅವನೆದುರು ಸೋತ ಬೇರೆ ರಾಜ್ಯದ ಜನ. ಮಾಳಿಂಗನ ತಲೆ ತೊಡೆಯ ಮೇಲಿಟ್ಟುಕೊಂಡು ಸಿರಿಯವ್ವ ಬಿಕ್ಕಿ ಬಿಕ್ಕಿ ಅತ್ತಳು.

"ಅಳಬೇಡ," ಎಂದ ಅವನು. "ಹೊಟ್ಟೆ ಹಸಿದಿದೆ, ಏನಾದರೂ ಹಾಕು."

ಅಂದು ಅಂಗಳದಲ್ಲಿ ಕರಿಯರೂ ಬಿಳಿಯರೂ ಒಂದೇ ಪಂಕ್ತಿಯಲ್ಲಿ ಕೂತು ಉಂಡರು. ತಮ್ಮ ತಮ್ಮ ಊರು ಸೇರಿ ತುಂಬು ಬಾಳು ಬಾಳಿದರು.