ಉಗಿ ಬಿಟ್ಟವರು ಯಾರು?

ಇಚಲಕರಂಜಿಯ ಸೈಜಿಂಗ್ ಕಾರ್ಖಾನೆ. ನೂಲಿಗೆ ಗಂಜಿ ಹಚ್ಚುವ ಯಂತ್ರದೊಳಗೆ ಬಗ್ಗಿ ರಾಯಪ್ಪ ಒರೆಸುತ್ತಿದ್ದ. ಉಗಿಯ ವಾಲ್ವ್ ಮುಚ್ಚಿತ್ತು. ಯಾರೂ ಅದನ್ನು ಮುಟ್ಟಲಿಲ್ಲ. ಆದರೂ ತಾನಾಗಿ ತೆರೆಯಿತು. ಕುದಿವ ಉಗಿ ಅವನ ಮುಖಕ್ಕೆ ಬಡಿಯಿತು.

ಕೊಲ್ಹಾಪುರದಿಂದ ಸೈಬರ್ ಇನ್‌ಸ್ಪೆಕ್ಟರ್ ಶುಭಾಂಗಿ ಬರುವಷ್ಟರಲ್ಲಿ ರಾಯಪ್ಪ ಆಸ್ಪತ್ರೆ ಸೇರಿದ್ದ. ಕಣ್ಣು ಉಳಿಯುತ್ತದೆಂದು ವೈದ್ಯರು ಹೇಳಲಿಲ್ಲ. ಕಂಪ್ಯೂಟರ್ ಆದೇಶಕ್ಕೆ ತೆರೆಯುವ ಆ ವಾಲ್ವ್‌ಗೆ ಆದೇಶ ಬಂದಿದ್ದು, ಕಾರ್ಖಾನೆಯನ್ನು ಇಂಟರ್ನೆಟ್‌ಗೆ ಜೋಡಿಸುವ ಕಚೇರಿಯ ರೌಟರ್ ಮೂಲಕ. ಅದರ ಪಾಸ್‌ವರ್ಡ್ ಬಲ್ಲವನು ಎಲೆಕ್ಟ್ರಿಷಿಯನ್ ಸಾಗರ ಒಬ್ಬನೇ.

“ರಾಯಪ್ಪನ ಕೂಡ ಮೊನ್ನೆ ಭಾಳ ಜಗಳಾ ಮಾಡ್ಯಾನ್ರಿ,” ಎಂದ ಮಾಲೀಕ ಪದ್ಮಕುಮಾರ.

ಸಾಗರ ಜಗಳವನ್ನು ಒಪ್ಪಿಕೊಂಡ. ಉಗಿ ಬಿಟ್ಟಿದ್ದು ತಾನಲ್ಲ ಎಂದ. ಗೇಟಿನ ಹೊರಗೆ ಸೇರಿದ್ದ ಕೆಲಸಗಾರರು ಅವನನ್ನು ತಮ್ಮ ಕೈಗೆ ಕೊಡಿ ಎನ್ನುತ್ತಿದ್ದರು.

* * *

ಶುಭಾಂಗಿ ರೌಟರ್‌ನ ದಾಖಲೆ ತೆಗೆದಳು. ಅವಘಡಕ್ಕೆ ಮುಂಚೆ ರೌಟರ್ ಮತ್ತೆ ಮತ್ತೆ ಸತ್ತು ಎದ್ದಿತ್ತು. ಕರೆಂಟ್ ಮಾತ್ರ ಹೋಗಿರಲಿಲ್ಲ. ಪ್ರತಿ ಸಲವೂ, ಲಾಗಿನ್ ಆಗುವವರು ಹೆಸರು ಬರೆಯುವ ಜಾಗಕ್ಕೆ ಪುಟಗಟ್ಟಲೆ ಉದ್ದದ ಅಕ್ಷರಮಾಲೆ ಬಂದಿತ್ತು. ಕೊನೆಯ ಸಲ ರೌಟರ್ ಸಾಯಲಿಲ್ಲ. ಹೇಳಿದಂತೆ ಕೇಳಿತು.

ಮೊದಲು ಕಾರ್ಖಾನೆಯ ಕಂಪ್ಯೂಟರ್ ಜಾಲ ನೋಡಿಕೊಳ್ಳುತ್ತಿದ್ದವನು ಗಡಹಿಂಗ್ಲಜದ ಕೇತನ. ಅವನನ್ನು ಬಿಡಿಸಿ ಕೆಲಸವನ್ನು ಸಾಗರನಿಗೆ ಒಪ್ಪಿಸಿದ್ದರು. ಹೊಸ ಸಾಫ್ಟ್‌ವೇರ್ ಹಾಕಿದ್ದೇನೆಂದು ಹೇಳಿಯೇ ಕೇತನ ಹೋಗಿದ್ದ. ಸಾಗರ ಅದನ್ನು ನಂಬಿ, ಪಾಸ್‌ವರ್ಡ್ ಮಾತ್ರ ಬದಲಿಸಿದ್ದ.

ಶುಭಾಂಗಿ ಗಡಹಿಂಗ್ಲಜಕ್ಕೆ ಹೊರಟಳು. ಕೇತನನ ಇನ್ನೊಬ್ಬ ಗಿರಾಕಿ ಅಲ್ಲಿನ ಗೋಡಂಬಿ ಕಾರ್ಖಾನೆ. ಅಲ್ಲಿಯೂ ಅದೇ ಮಾದರಿಯ ರೌಟರ್. ಅದು ಅವಘಡದ ಹಿಂದಿನ ದಿನ ಹೀಗೆಯೇ ಸತ್ತು ಎದ್ದಿತ್ತು. ಯಾರೋ ಅದರ ಮೇಲೆ ಕೈ ಪಳಗಿಸಿಕೊಂಡಿದ್ದರು.

ಕೇತನ ಚಹಾ ತರಿಸಿದ. ರಾಯಪ್ಪನ ಬಗ್ಗೆ ಮರುಗಿದ.

“ಹಳೇ ಸಾಫ್ಟ್‌ವೇರ್ ಇಟಗೊಂಡ ಕುಂತರ ಹಿಂಗ ಆಕ್ಕೈತ್ರಿ.”

“ಹೊಸಾದು ಹಾಕೇನಿ ಅಂತ ನೀವ ಹೇಳಿದ್ರಿ,” ಎಂದಳು ಶುಭಾಂಗಿ. “ಹಳೇದ ಐತಿ ಅಂತ ನಿಮಗ ಹೆಂಗ ಗೊತ್ತಾತು?”

ಅವಳು ಕೇತನನ ಲ್ಯಾಪ್‌ಟಾಪ್ ತೆರೆಸಿದಳು. ಅದರಲ್ಲಿ ಅದೇ ಅಕ್ಷರಮಾಲೆ ಇತ್ತು. ಯಂತ್ರ ಕೆಟ್ಟರೆ ತನ್ನನ್ನೇ ವಾಪಸು ಕರೆಯುತ್ತಾರೆಂದು ಎಣಿಸಿದ್ದೆ, ಒಳಗೆ ಮನುಷ್ಯನಿದ್ದದ್ದು ಗೊತ್ತಿರಲಿಲ್ಲ ಎಂದು ಆಮೇಲೆ ಅತ್ತ.

* * *

ಶುಭಾಂಗಿ ಪದ್ಮಕುಮಾರನಿಗೆ ಬಿಡಿಸಿ ಹೇಳಿದಳು. ಹೆಸರಿಗೆಂದು ರೌಟರ್ ತನ್ನ ನೆನಪಿನಲ್ಲಿ ಸಣ್ಣ ಜಾಗ ಇಟ್ಟಿರುತ್ತದೆ. ಹಳೆಯ ಸಾಫ್ಟ್‌ವೇರ್ ಬಂದದ್ದನ್ನು ಅಳೆಯದೆ ಅದರೊಳಗೆ ಸುರಿಯುತ್ತದೆ. ತುಂಬಿ ಹೊರಚೆಲ್ಲಿದ್ದು ಪಕ್ಕದ ಆದೇಶಗಳನ್ನು ಅಳಿಸಿ ತಾನೇ ಆದೇಶವಾಗುತ್ತದೆ. ಕಳಿಸಿದವನ ಅಳತೆ ತಪ್ಪಿದಾಗಲೆಲ್ಲ ರೌಟರ್ ಸಾಯುತ್ತದೆ, ಸರಿಹೊಂದಿದಾಗ ಹೇಳಿದಂತೆ ಕೇಳುತ್ತದೆ.

“ಕೀಲಿ ಇದ್ದಾಂವ ಬಾಗಲಾ ಯಾಕ ಒಡೀತಾನ್ರಿ?” ಎಂದಳು. “ಒಡದಾಂವಗ ಪಾಸ್‌ವರ್ಡ್ ಗೊತ್ತಿರಲಿಲ್ಲ. ಅದಕ್ಕ ಸಾಗರ ಅಲ್ಲ.”

ರಾಯಪ್ಪನ ಒಂದು ಕಣ್ಣು ಉಳಿಯಿತು.

ಸಾಗರ ಕೆಲಸಕ್ಕೆ ಮರಳಿದ. ಹೊಸ ಸಾಫ್ಟ್‌ವೇರ್ ಹಾಕಿದ. ಹೊರಗಿನಿಂದ ರೌಟರ್‌ಗೆ ಲಾಗಿನ್ ಆಗುವ ದಾರಿ ಮುಚ್ಚಿದ. ಕೊನೆಗೆ ವಾಲ್ವ್‌ನ ತಂತಿಯನ್ನು ಕಚೇರಿ ಜಾಲದಿಂದ ಬೇರ್ಪಡಿಸಲು ಕುಳಿತ. ಬಾಯ್ಲರ್ ಯಾವಾಗ ಹಚ್ಚೋಣ ಎಂದು ಪದ್ಮಕುಮಾರ ಕೇಳಿದ.

“ಇದು ಮುಗಿಯೂತನಕ ಹಚ್ಚಾಕ ಬಿಡಂಗಿಲ್ರಿ,” ಎಂದ ಸಾಗರ, ತಲೆ ಎತ್ತದೆ.

ಪದ್ಮಕುಮಾರ ಹೊರಗೆ ಹೋಗಿ, ಈ ದಿನದ ಪಾಳಿ ಇಲ್ಲವೆಂದು ಕೆಲಸಗಾರರಿಗೆ ತಾನೇ ಹೇಳಿದ.