ಕಾವು ತಿನ್ನುವ ಗೋಡೆ

"ಎಲ್ಲ ಸ್ವಿಚ್ಚೂ ಕೀಳಪ್ಪ, ನಿನ್ನ ಮನೆ, ನಿನ್ನಿಷ್ಟ. ಪ್ಯಾಸೇಜಿಂದು ಮಾತ್ರ ಮುಟ್ಟಬೇಡ," ಎಂದಳು ಮನೆ ಮಾರಿದ ಅಜ್ಜಿ.

ಮಾರಿದ ಮೇಲೆ ಆಕೆ ದೂರವೇನೂ ಹೋಗಿರಲಿಲ್ಲ. ಎದುರು ಬಾಗಿಲಿನಲ್ಲೇ ಮಗನ ಜೊತೆ ಇದ್ದಳು. ಉಳಿ ಸುತ್ತಿಗೆಯ ಸದ್ದು ಕೇಳಿ ಬರಿಗಾಲಲ್ಲೇ ಓಡಿ ಬಂದಿದ್ದಳು.

"ನನ್ನ ಮಗ ಮೂರು ವರ್ಷದವನಿದ್ದಾಗ ಎಂಟು ದಿನ ಜ್ವರ ಇಳೀಲಿಲ್ಲ. ಡಾಕ್ಟರು ಕೈಚೆಲ್ಲಿದ್ರು. ನಮ್ಮತ್ತೆ ಒಬ್ಬ ಮಂತ್ರವಾದೀನ ಕರೆಸಿ, ಮೈಕಾವು ತಿನ್ನೋದೊಂದನ್ನ ಕಟ್ಟಿಸಿದ್ರು. ಜ್ವರ ಇಳೀತು. ಆದ್ರೆ ಅದಕ್ಕೆ ಸಾಕು ಅನ್ನೋದೇ ಗೊತ್ತಿಲ್ಲ. ಅದಕ್ಕೇ ಆ ಸ್ವಿಚ್ ಬೋರ್ಡಿನ ಹಿಂದೆ ಇಟ್ಟು ಗಾರೆ ಹಾಕಿದ್ದು."

"ಹಾಗಾದ್ರೆ ಫ್ರಿಜ್ ತರೋ ಕೆಲಸ ಇಲ್ಲ ಬಿಡಿ ಅಜ್ಜಿ," ಎಂದು ಮನೆ ಕೊಂಡವನು ನಕ್ಕು, ಉಳಿಗೆ ಮತ್ತೊಂದು ಏಟು ಹಾಕಿದ.

ಅವನ ಸಂಕಟವೇ ಬೇರೆ. ಹೆಂಡತಿ ಲೈಟ್ ಆರಿಸುತ್ತಿರಲಿಲ್ಲ. ಆರು ವರ್ಷದ ಮಗಳಂತೂ ಆರಿಸಿದ್ದನ್ನೂ ಹೊತ್ತಿಸಿ ಹೋಗುತ್ತಿದ್ದಳು. ವರ್ಷಗಟ್ಟಲೆ ಅವರ ಹಿಂದೆ ಹಿಂದೆ ಹೋಗಿ ಆರಿಸಿ ಆರಿಸಿ ಅವನಿಗೆ ರೋಸಿಹೋಗಿತ್ತು. ಅದಕ್ಕೇ ಹೊಸ ಮನೆಯಲ್ಲಿ ಸ್ವಿಚ್ಚೇ ಬೇಡ ಎಂದು ತೀರ್ಮಾನಿಸಿದ್ದ. ಚಾವಣಿಯಲ್ಲಿ ಸೆನ್ಸರ್ ಕೂತಿರುತ್ತದೆ, ಓಡಾಡುವ ಮೈಯ ಕಾವನ್ನು ಗುರುತಿಸಿ ದೀಪ ಹೊತ್ತಿಸುತ್ತದೆ, ಆಳು ದಾಟಿದ ಮೇಲೆ ತಾನೇ ಆರಿಸುತ್ತದೆ ಎಂದು ಹೆಂಡತಿಗೆ ಮೂರು ಸಲ ಪಾಠ ಹೇಳಿದ್ದ.

ಪ್ಯಾಸೇಜಿಗೆ ಕಿಟಕಿಯಿರಲಿಲ್ಲ. ನಡುಮಧ್ಯಾಹ್ನವೂ ಅಲ್ಲಿ ಕಾಡಿಗೆಯಂಥ ಕತ್ತಲೆ. ಬೋರ್ಡು ಕಿತ್ತಾಗ ತಣ್ಣನೆಯ ಬೂದಿಯ ವಾಸನೆ ಬಂತು. ಹಿಂದಿನ ಗೂಡಿನಲ್ಲಿ ಹೆಬ್ಬೆರಳಿನಷ್ಟು ಉದ್ದದ ಸೀಸದ ಕೊಳವೆ, ಅದಕ್ಕೆ ಸುತ್ತಿದ ಕಪ್ಪು ದಾರ. ಆಫೀಸಿನಲ್ಲಿ ತೋರಿಸಿ ನಗಿಸೋಣವೆಂದು ಅವನು ಅದನ್ನು ಬೀಗದ ಕೈಗೊಂಚಲಿಗೆ ಸಿಕ್ಕಿಸಿಕೊಂಡ. ಗೂಡಿಗೆ ಸಿಮೆಂಟ್ ತುಂಬಿ, ಚಾವಣಿಗೆ ಸೆನ್ಸರ್ ಕೂರಿಸಿದ. ಅಜ್ಜಿ ತನ್ನ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾಲ್ಕನೆಯ ದಿನದಿಂದ ಪ್ಯಾಸೇಜಿನ ದೀಪ ಅವನಿಗೆ ಹತ್ತುವುದನ್ನು ನಿಲ್ಲಿಸಿತು.

ಹೆಂಡತಿ ಬಂದರೆ 'ಟಿಕ್' ಎಂದು ಹತ್ತುತ್ತಿತ್ತು. ಮಗಳು ಬಂದರೆ ಹತ್ತುತ್ತಿತ್ತು. ಪಕ್ಕದ ಮನೆಯ ಬೆಕ್ಕು ನುಸುಳಿದರೂ ಹತ್ತುತ್ತಿತ್ತು! ಇವನು ಬಂದರೆ ಮಾತ್ರ ಕತ್ತಲೆ. ಸೆನ್ಸರ್ ಬದಲಾಯಿಸಿದ. ಒಂದಲ್ಲ, ಮೂರು. ವೈರು ಬದಲಾಯಿಸಿದ. ಅಂಗಡಿಯವನ ಜೊತೆ ಜಗಳವಾಡಿದ. ಕೊನೆಗೆ ಸೆನ್ಸರಿನ ಕೆಳಗೆ ನಿಂತು ಕೈಕಾಲು ಝಾಡಿಸಿ ಕುಣಿದ.

"ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲಂತೆ," ಎಂದಳು ಹೆಂಡತಿ. "ನೀವು ಕುಣೀತಾನೂ ಇದ್ದೀರ, ಸೆನ್ಸರ್ ಡೊಂಕು ಅಂತಾನೂ ಅಂತೀರ."

ಬೇರೆ ಕೋಣೆಗಳಲ್ಲೂ ಅದೇ ಹಾಡಾಯಿತು. ಆಫೀಸಿನ ಬಚ್ಚಲಿನಲ್ಲಿ ಅವನು ಒಳಗಿರುವಾಗಲೇ ದೀಪ ಆರಿತು. ಚಹಾ ಲೋಟ ಕೈಯಲ್ಲಿ ಹಿಡಿದ ಗಳಿಗೆಗೇ ತಣ್ಣಗಾಗುತ್ತಿತ್ತು. ಹೆಂಡತಿಯ ಕಾಟ ತಾಳಲಾರದೆ ಥರ್ಮಾಮೀಟರ್ ಇಟ್ಟುಕೊಂಡ. ಅದು ಯಾವ ಅಂಕಿಯನ್ನೂ ತೋರಿಸಲಿಲ್ಲ. ಅದೂ ಕೆಟ್ಟಿದೆ ಎಂದು ಸಿಟ್ಟಿನಿಂದ ಎಸೆದ. ಜಗತ್ತಿನ ಸಾಮಾನೆಲ್ಲ ಕಳಪೆ, ತಾನೊಬ್ಬನೇ ಸರಿ ಎಂಬುದು ಅವನ ಹಟ. ಎಷ್ಟು ಹೇಳಿದರೂ ಡಾಕ್ಟರ ಹತ್ತಿರ ಹೋಗಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಪ್ಯಾಸೇಜಿನಿಂದ ಮಗಳು ಕೂಗಿದಳು.

"ಅಪ್ಪಾ, ಲೈಟ್ ಬರ್ತಿಲ್ಲ."

"ಸ್ವಲ್ಪ ಓಡಾಡು ಪುಟ್ಟಿ."

"ಓಡಾಡ್ತಾನೇ ಇದ್ದೀನಿ. ನೆಗೀತಾನೂ ಇದ್ದೀನಿ."

ದಬದಬ ಎಂದು ಅವಳು ನೆಗೆಯುವ ಸದ್ದು ಅವನಿಗೂ ಕೇಳಿಸಿತು. ಕತ್ತಲೆಗೆ ಓಡಿದ. ಅದೇ ಬೂದಿಯ ವಾಸನೆ. ತಡಕಾಡಿ ಅವಳ ಹಣೆ ಮುಟ್ಟಿದ. ತೊಳೆದಿಟ್ಟ ಪಾತ್ರೆಯಂತೆ ತಣ್ಣಗಿತ್ತು. ಎದೆಗವಚಿದ್ದ ಗೊಂಬೆಯ ಕೊರಳಿಗೆ ಅವನ ಕೈ ತಗುಲಿತು. ಅಲ್ಲಿ ಸೀಸದ ಕೊಳವೆ ನೇತಾಡುತ್ತಿತ್ತು.

"ಇದೆಲ್ಲಿತ್ತು?"

"ನಿನ್ನ ಕೀ ಬಂಚಲ್ಲಿ. ಮೊನ್ನೆ ತಗೊಂಡೆ. ಅಪ್ಪಾ, ನಿದ್ದೆ ಬರ್ತಿದೆ."

ಅವನು ಹೆಂಡತಿಯನ್ನು ಕೂಗಿ ಕರೆದ. ಕೊಳವೆ ಕಿತ್ತುಕೊಂಡು ಎದುರು ಬಾಗಿಲು ಬಡಿದ. ಅಜ್ಜಿ ಅವನ ಮುಖ ನೋಡಿದಳು, ಕೈ ನೋಡಿದಳು, ಒಂದು ಹೆಜ್ಜೆ ಹಿಂದೆ ಸರಿದಳು.

"ತೆಗೆದ ಕೈಯೇ ಒಳಗಿಡಬೇಕು. ಬರಿಗೈಲಿ. ಗಾರೆ ಬಿಗಿಯೋ ತನಕ ಅಂಗೈ ಒತ್ತಿ ಹಿಡೀಬೇಕು."

"ಮಗು?"

"ಉಳಿಯುತ್ತೆ. ಮಗೂದನ್ನ ಇನ್ನೂ ತಿಂದು ಮುಗಿಸಿಲ್ಲ. ನಿಂದು ಅದು ತಿಂದಾಗಿದೆಯಪ್ಪ. ತಿಂದಿದ್ದನ್ನ ಅದು ವಾಪಸ್ ಕೊಡಲ್ಲ."

ಅವನು ನಗಲಿಲ್ಲ. ತಾನೇ ಮೆತ್ತಿದ್ದ ಸಿಮೆಂಟನ್ನು ಉಳಿಯಿಂದ ಒಡೆದ. ಕತ್ತಲೆಯಲ್ಲಿ ಏಟು ಬೆರಳಿಗೂ ಬಿತ್ತು. ನೋವಾಗಲಿಲ್ಲ. ಹೆಂಡತಿ ಮಗುವನ್ನು ಕಂಬಳಿಯಲ್ಲಿ ಸುತ್ತಿ ಕೂಗುತ್ತಿದ್ದಳು, "ಕಣ್ಣು ಬಿಡ್ತಿಲ್ಲ ರೀ, ಇವಳು ಕಣ್ಣು ಬಿಡ್ತಿಲ್ಲ!" ಕೊಳವೆ ಒಳಗಿಟ್ಟ. ಗಾರೆ ತುಂಬಿದ. ಅಂಗೈ ಒತ್ತಿದ. ಮೈಯಲ್ಲಿ ಉಳಿದಿದ್ದ ಕಾವನ್ನೂ ಗೋಡೆ ಹೀರಿತು. ಬೆರಳು ಹೋಯಿತು. ಮೊಣಕೈ ಹೋಯಿತು. ಭುಜದ ತನಕ ಕಲ್ಲು. ಹಲ್ಲು ಕಟಕಟ ಎಂದವು. ಬಿಡಲಿಲ್ಲ. ಎದೆ ತಣ್ಣಗಾಯಿತು. ಉಸಿರು ತಣ್ಣಗಾಯಿತು. ಬಿಡಲಿಲ್ಲ.

ಟಿಕ್.

ದೀಪ ಹತ್ತಿತು. ಬೆಳಕು ಮುಖದ ಮೇಲೆ ಬಿದ್ದದ್ದೇ ಅವನು ಅತ್ತುಬಿಟ್ಟ. ತಾನೂ ಗೆದ್ದೆ, ಮೈಯ ಕಾವು ಮರಳಿತು ಎಂದುಕೊಂಡ. ಅಷ್ಟರಲ್ಲಿ ಹಿಂದಿನಿಂದ ಪುಟ್ಟ ಹೆಜ್ಜೆಗಳ ಸದ್ದಾಯಿತು. ಮಗಳು ಎದ್ದು ಬಂದಿದ್ದಳು. ಕೆನ್ನೆ ಕೆಂಪಗಿತ್ತು, ಹಣೆಯಲ್ಲಿ ಬೆವರಿತ್ತು. ದೀಪ ಹತ್ತಿದ್ದು ಅವಳಿಗೆ.

ಅವನು ಮಂಡಿಯೂರಿ ಅವಳನ್ನು ಬಾಚಿ ತಬ್ಬಿಕೊಂಡ. ಅವಳು ಚೀರಿ, ಕೊಸರಿಕೊಂಡು ಅಮ್ಮನತ್ತ ಓಡಿದಳು. ಅವನ ಕೈ ತಾಗಿದ ಜಾಗದಲ್ಲಿ ಅವಳ ತೋಳು ನೀಲಿಗಟ್ಟಿತ್ತು.

ಆಮೇಲೆ ಡಾಕ್ಟರುಗಳಾಯಿತು, ಔಷಧಿಗಳಾಯಿತು, ಯಾವುದೂ ನಾಟಲಿಲ್ಲ. ಅವನು ಕೆಲಸಕ್ಕೆ ಹೋಗುತ್ತಾನೆ, ಊಟ ಮಾಡುತ್ತಾನೆ, ಬೇರೆ ಕೋಣೆಯಲ್ಲಿ ಮಲಗುತ್ತಾನೆ. ಆ ಗೋಡೆಗೆ ಉಳಿ ತಾಗಿಸಲು ಅವನಿಗೆ ಧೈರ್ಯವಿಲ್ಲ. ಪ್ಯಾಸೇಜಿನಲ್ಲಿ ಇಂದಿಗೂ ಸ್ವಿಚ್ಚಿಲ್ಲ. ಸಂಜೆ ಅವನು ಬಂದು ಕತ್ತಲೆಯ ಬಾಯಲ್ಲಿ ನಿಂತರೆ ಮಗಳು ಗೋಡೆಗೆ ಅಂಟಿಕೊಂಡು ಅವನನ್ನು ಬಳಸಿ ಮುಂದೆ ಹೋಗುತ್ತಾಳೆ. ದೀಪ ಹತ್ತುತ್ತದೆ. ಮೂರು ಹೆಜ್ಜೆ ಅಂತರ ಬಿಟ್ಟು ತಿರುಗಿ ನೋಡುತ್ತಾಳೆ.

"ಈಗ ಬಾ ಅಪ್ಪಾ. ಮುಟ್ಟಬೇಡ."