ಕೆಂಚನ ಕರಿ ಕಿವಿ

"ಬೇಗ ಹೇಳಮ್ಮ, ಯಾವ ಕಿವಿಗೆ ಉಣ್ಣೆ ಸುತ್ತೋಣ? ಎಡಕ್ಕಾ, ಬಲಕ್ಕಾ?" ಜಂಬುಲಿಂಗಪ್ಪ ಮೇಷ್ಟ್ರು ಕೇಳಿದರು.

ಸ್ವಪ್ನ ಕೈಯಲ್ಲಿದ್ದ ಮಣ್ಣಿನ ಕುರಿಮರಿಯನ್ನೇ ನೋಡಿದಳು. ಅದನ್ನು ಅವಳೇ ಮಾಡಿದ್ದಳು. ಕುಂಬಾರರ ಆವಿಗೆಯಲ್ಲಿ ಒಮ್ಮೆ ಬೆಂದು ಕೆಂಪಗಾಗಿ ಬಂದಿತ್ತು, ಥೇಟ್ ಅವಳು ಸಾಕಿದ್ದ ಮರಿ ಕೆಂಚನ ಬಣ್ಣ. ಇನ್ನು ಹೊಗೆಯಲ್ಲಿ ಇಡುವುದೊಂದೇ ಬಾಕಿ. ಉಣ್ಣೆ ಸುತ್ತಿದ ಜಾಗ ಕಪ್ಪಾಗುತ್ತದೆ ಎಂದು ಮೇಷ್ಟ್ರು ಹೇಳಿದ್ದರು.

ಕೆಂಚನಿಗೆ ಒಂದೇ ಕಿವಿ ಕಪ್ಪು. ಆದರೆ ಯಾವುದು?

ಕೆಂಚ ಜ್ವರ ಬಂದು ಸತ್ತು ಇನ್ನೂ ಆರು ತಿಂಗಳಾಗಿಲ್ಲ. ಒಂದು ಫೋಟೊ ಕೂಡ ಇಲ್ಲ. ಇಷ್ಟು ಬೇಗ ಮರೆತುಬಿಟ್ಟೆನಲ್ಲ ಎಂದು ಅವಳಿಗೆ ಅಳುವೇ ಬಂತು.

"ಎಡಗಿವಿನೇ ಕಣೇ," ಎಂದ ಅಣ್ಣ ಈರೇಶ್. ಅವನು ಏಳನೇ ಕ್ಲಾಸು, ಅವನಿಗೆ ಎಲ್ಲವೂ ಗೊತ್ತು.

"ನಿಂಗೇನ್ ಗೊತ್ತು? ನೀನು ಅದನ್ನ ಎತ್ಕೊಂಡಿದ್ದೇ ಇಲ್ಲ!"

"ಹಂಗಾರೆ ನೀನೇ ಹೇಳು."

ಕೊನೆಗೆ ಸ್ವಪ್ನ ಅವ್ವನ ಕಂಬಳಿಯಿಂದ ಕಿತ್ತು ತಂದಿದ್ದ ಉಣ್ಣೆಯನ್ನು ಎಡಗಿವಿಗೇ ಸುತ್ತಿದಳು.

ಮೇಷ್ಟ್ರು ಹಳೆಯ ಎಣ್ಣೆ ಡಬ್ಬಕ್ಕೆ ಚಳ್ಳಕೆರೆ ಮಿಲ್ಲಿನ ಶೇಂಗಾ ಸಿಪ್ಪೆ ಸುರಿದು, ನಡುವೆ ಮರಿಯನ್ನು ಹೂತು, ಮೇಲೆ ಕೆಂಡ ಹಾಕಿ ತಗಡು ಮುಚ್ಚಿದರು. ಹೊಗೆ ಎಳೆಎಳೆಯಾಗಿ ಎದ್ದು ಶಾಲೆಯಂಗಳದ ಹುಣಸೆಮರದೊಳಗೆ ನುಸುಳಿತು. ಆ ಹೊಗೆಯಲ್ಲಿ ಒಮ್ಮೆ ಇಡೀ ಕುರಿಮಂದೆಯೇ ಕಂಡಿತು, ಒಮ್ಮೆ ಬರೀ ಬಾಲ. ನೋಡುತ್ತ ನೋಡುತ್ತ ಸ್ವಪ್ನಳಿಗೆ ತೂಕಡಿಕೆ ಬಂತು.

ಮರುದಿನ ಪ್ರೇಯರ್‌ಗೆ ಮುಂಚೆಯೇ ಡಬ್ಬ ತೆರೆದರು. ಬೂದಿಯೊಳಗಿಂದ ಮರಿ ಎದ್ದು ಬಂತು. ಬೆನ್ನ ಮೇಲೆ ಹೊಗೆಯ ಕಲೆಯೊಂದು ಮೋಡದಂತೆ ಮೂಡಿತ್ತು. ಎಡಗಿವಿ ಕಾಡಿಗೆಯಷ್ಟು ಕಪ್ಪಾಗಿತ್ತು.

"ಸೂಪರ್!" ಎಂದ ಈರೇಶ್.

ಮರಿ ಇನ್ನೂ ಬಿಸಿಬಿಸಿಯಾಗಿತ್ತು. ಸ್ವಪ್ನ ಹಳೆಯ ಅಭ್ಯಾಸದಂತೆ ಅದರ ತಲೆಯನ್ನು ತನ್ನ ಬಲಭುಜಕ್ಕೆ ಒರಗಿಸಿ ಅಪ್ಪಿಕೊಂಡಳು. ಒಂದು ಕಿವಿ ಕೆನ್ನೆಗೆ ತಾಗಿ ಚುರ್ ಎಂದಿತು.

ತಟ್ಟನೆ ನೆನಪಾಯಿತು. ಬಿಸಿಲಲ್ಲಿ ಕೆಂಚನನ್ನು ಹೀಗೆ ಎತ್ತಿಕೊಂಡಾಗಲೆಲ್ಲ ಅವನ ಕರಿ ಕಿವಿ ಹೀಗೇ ಕೆನ್ನೆಗೆ ಚುರ್ ಎನ್ನುತ್ತಿತ್ತು. ಕಪ್ಪಲ್ಲವೇ, ಬೇಗ ಕಾಯುತ್ತಿತ್ತು.

ಈಗ ಕೆನ್ನೆಗೆ ತಾಗಿದ್ದು ಮರಿಯ ಬಲಗಿವಿ.

"ಸಾರ್... ಅವನಿಗೆ ಕಪ್ಪಿದ್ದಿದ್ದು ಬಲಗಿವಿ."

"ಅಯ್ಯೋ, ಅಷ್ಟೇನಾ?" ಎಂದರು ಮೇಷ್ಟ್ರು. "ಮತ್ತೆ ಆವಿಗೆಗೆ ಹಾಕಿದ್ರೆ ಈ ಕಪ್ಪೆಲ್ಲ ಹೋಗ್ತೈತೆ. ಬಲಗಿವಿಗೆ ಸುತ್ತಿ ಇನ್ನೊಂದ್ಸಲ ಹೊಗೆ ಹಾಕೋಣ್ವಾ?"

ಸ್ವಪ್ನ ಮರಿಯ ಕರಿ ಕಿವಿಯನ್ನು ಮೆಲ್ಲಗೆ ಸವರಿದಳು.

"ಬ್ಯಾಡ ಸಾರ್. ಇದು ಕೆಂಚ ಅಲ್ಲ, ಕೆಂಚನ ತಮ್ಮ," ಎಂದಳು. "ಇದಕ್ಕೆ ಬೇರೆ ಹೆಸರು ಇಡ್ಬೇಕು."